ನೀಲಿ ಬಳಿದ ಬಾಗಿಲು

ಆಗ ನನಗೆ ಐವತ್ತೈದು ವರ್ಷ. ಅದು ಕಳೆದು ಇಪ್ಪತ್ತೆಂಟು ವರ್ಷವಾಯಿತು. ಬೆರಳು ಮಡಿಸಿ ಎಣಿಸಿಯೇ ಬರೆಯುತ್ತಿದ್ದೇನೆ, ಅಂದಾಜಲ್ಲ.

ಕೊಚ್ಚಿಯ ಹಿನ್ನೀರಿನ ಅಂಚಿಗೆ ನಮ್ಮದೊಂದು ಬೋಟು ಎಳೆಯುವ ಕಟ್ಟೆ ಇತ್ತು. ಮೀನಿನ ಬೋಟು ನೀರಿನಲ್ಲೇ ಇದ್ದರೆ ತಳಕ್ಕೆ ಚಿಪ್ಪು ಕಟ್ಟುತ್ತದೆ, ಹಲಗೆಯ ಸಂದಿ ಬಿಡುತ್ತದೆ. ಅದನ್ನು ಮರದ ಉರುಳೆಗಳ ಮೇಲೆ ದಡಕ್ಕೆ ಎಳೆದು, ಚಿಪ್ಪು ಹೆರೆದು, ಸಂದಿಗೆ ಹತ್ತಿ ತುಂಬಿ, ಡಾಂಬರು ಬಳಿದು ಮತ್ತೆ ನೀರಿಗೆ ಬಿಡುವುದು ನಮ್ಮ ಕೆಲಸ. ನನ್ನ ಗಂಡ ಕುಂಬಳೆ ಕಡೆಯಿಂದ ಬಂದು ಶುರು ಮಾಡಿದ್ದು. ಅವರು ಸತ್ತ ಮೇಲೆ ನಾನು ನಡೆಸಿದೆ. ಹೆಂಗಸು ಬೋಟು ಎಳೆಸುತ್ತಾಳಾ ಎಂದು ನಕ್ಕವರೂ ನನ್ನ ಕಟ್ಟೆಗೇ ಬಂದರು. ಬೋಟಿನೊಳಗೆ ನೀರು ಬಂದಾಗ ನಗು ತಾನಾಗಿ ನಿಲ್ಲುತ್ತದೆ.

ನಾನು ಕಲಿತದ್ದು ಎರಡನೇ ಕ್ಲಾಸು. ಕನ್ನಡ ತಡವರಿಸಿ ಓದುತ್ತೇನೆ, ಅದಕ್ಕಿಂತ ನಿಧಾನವಾಗಿ ಬರೆಯುತ್ತೇನೆ. ಮಲಯಾಳ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅಕ್ಷರದ ಕೆಲಸಕ್ಕೆಲ್ಲ ಪೈಂಟರ್ ಇದ್ದ. ಬೋಟುಗಳ ಮೇಲೆ ಹೆಸರು ಬರೆಯುವವನು. ಆ ಊರಿನವನೇ. ಇಪ್ಪತ್ತೆರಡು ವರ್ಷ ನಮ್ಮ ಕಟ್ಟೆಯಲ್ಲೇ ಇದ್ದು, ನನ್ನ ಗಂಡನಿಂದ ಅರೆಬರೆ ಕನ್ನಡ ಕಲಿತಿದ್ದ. ನನ್ನನ್ನು ಚೇಚ್ಚಿ ಎನ್ನುತ್ತಿದ್ದ, ಅಂದರೆ ಅಕ್ಕ.

ಅವನದೊಂದು ಕ್ರಮವಿತ್ತು. ಬೋಟಿನ ಮೇಲೆ ಕುಂಚ ಇಡುವ ಮೊದಲು ನಮ್ಮ ಶೆಡ್ಡಿನ ಬಾಗಿಲ ಮೇಲೆ ಆ ಹೆಸರನ್ನು ಒಮ್ಮೆ ಸಣ್ಣದಾಗಿ ಬರೆಯುತ್ತಿದ್ದ, ಪಕ್ಕದಲ್ಲಿ ಇಸವಿ. ಬೋಟಿನವನು ನೋಡಿ ಸರಿ ಎಂದ ಮೇಲೆಯೇ ಬೋಟಿಗೆ. ಹಾಗೆ ಬರೆದು ಬರೆದು ಆ ಹೆಬ್ಬಲಸಿನ ಬಾಗಿಲಲ್ಲಿ ಬೆರಳಿಡಲು ಜಾಗವಿರಲಿಲ್ಲ.

ಬೋಟುಗಳು ವರ್ಷದಿಂದ ವರ್ಷಕ್ಕೆ ಉದ್ದವಾದವು. ನಮ್ಮ ಕಟ್ಟೆಗೆ ಏರಿಸಿದರೆ ಹಿಂಭಾಗ ನೀರಿನಲ್ಲೇ ಉಳಿಯುತ್ತಿತ್ತು. ಅರ್ಧ ಬೋಟಿಗೆ ಡಾಂಬರು ಬಳಿಯುವುದು ಅರ್ಧ ತಲೆ ಬೋಳಿಸಿದ ಹಾಗೆ. ಕಟ್ಟೆ ಉದ್ದ ಮಾಡಬೇಕು, ಇಲ್ಲವೇ ಮುಚ್ಚಬೇಕು. ಕೇಳಲು ಎರ್ನಾಕುಲಂನ ಕಚೇರಿಗೆ ಹೋದೆ. ನೀರಿನ ಅಂಚಿಗೆ ಹೊಸತು ಕಟ್ಟುವ ಹಾಗಿಲ್ಲ, ಕಾನೂನು ಬಂದಿದೆ ಎಂದರು. ಕಾನೂನಿಗಿಂತ ಹಳೆಯ ಕಟ್ಟೆಯಾದರೆ ಅದನ್ನು ತೋರಿಸಿಕೊಡಿ, ತಿರುವನಂತಪುರದಲ್ಲಿ ತೀರ್ಮಾನ ಮಾಡುತ್ತಾರೆ ಎಂದರು. ತೋರಿಸಲು ಕಾಗದವಿರಲಿಲ್ಲ. ಶೆಡ್ಡಿಗೆ ಸರಕಾರದ ನಂಬರು ಯಾಕೆ, ಅದೇನು ಓಡಿಹೋಗುತ್ತದಾ ಎಂದು ನನ್ನ ಗಂಡ ಮಾಡಿಸಿರಲೇ ಇಲ್ಲ.

ಇದ್ದದ್ದು ಬಾಗಿಲು. ನೋಡಲು ಒಬ್ಬರು ಬರುತ್ತಾರೆ ಎಂದು ಗೊತ್ತಾದಾಗ ಪೈಂಟರನಿಗೆ ಹೇಳಿದೆ, "ಬಾಗಿಲು ತೋರಿಸುವ. ಹೆಸರುಂಟು, ಇಸವಿ ಉಂಟು. ಇನ್ನೆಂತ ಬೇಕು ಅವರಿಗೆ?"

ಅವನು ತಲೆ ಆಡಿಸಿದ. ನನ್ನ ಅರ್ಜಿಯನ್ನೂ ಅವನೇ ಮಲಯಾಳದಲ್ಲಿ ಬರೆದುಕೊಟ್ಟ. ನಾನು ಹೇಳಿದಷ್ಟೂ ಬರೆದೆ ಎಂದ, ನಾನು ಕನ್ನಡದಲ್ಲಿ ರುಜು ಹಾಕಿದೆ.

ನೋಡುವವರು ಬರುವ ಎರಡು ದಿನ ಮೊದಲು ಅವನು ಬಂದು ಬಾಗಿಲ ಮುಂದೆ ನಿಂತ. "ಚೇಚ್ಚೀ, ಸಾರ್ ಬರುವಾಗ ಬಾಗಿಲು ಇಷ್ಟು ಕೊಳಕಾ? ಹಂದಿಗೂಡು ಅಂತಾರೆ. ಹೆಸರು ಇಸವಿ ಎಲ್ಲ ನಾನು ಕಾಗದದಲ್ಲಿ ಬರೆದಿದ್ದೇನಲ್ಲ. ಇದಕ್ಕೆ ಚಂದ ಮಾಡಿ ಒಂದು ನೀಲಿ ಹೊಡೀತೇನೆ."

ಸರಕಾರದವರು ಕಾಗದ ನಂಬುತ್ತಾರೆ, ಬಾಗಿಲನ್ನಲ್ಲ ಎಂದು ನಾನೂ ಒಪ್ಪಿದೆ. ಅಕ್ಷರ ಬಾರದವರಿಗೆ ಕಾಗದದ ಮೇಲೆ ಇರುವ ಭಯಭಕ್ತಿ ಬಲ್ಲವರಿಗೆ ಇರುವುದಿಲ್ಲ. ಅಷ್ಟೇ ಅಲ್ಲ, "ಸರಿಯಾಗಿ ಉಜ್ಜಿ ಬಳಿ ಮಾರಾಯ, ಇಲ್ಲದಿದ್ದರೆ ಮಳೆಗಾಲಕ್ಕೆ ಏಳ್ತದೆ" ಎಂದು ನಾನೇ ಹೇಳಿದೆ. ಮರಳು ಕಾಗದ ಹಾಕಿ ಮಧ್ಯಾಹ್ನದವರೆಗೆ ಉಜ್ಜಿದ. ಅವನಿಗೆ ಕಪ್ಪ, ಅಂದರೆ ಮರಗೆಣಸು ಬೇಯಿಸಿ ಮೀನಿನ ಸಾರು ಕೊಟ್ಟೆ. ತಿಂದ.

ಸಾರ್ ಬಂದರು, ಸುತ್ತಿದರು, ಬಾಗಿಲ ಬಳಿ ಮೂಗು ಹಿಡಿದು ಏನೋ ಬರೆದುಕೊಂಡರು, ಹೋದರು.

ಎರಡು ತಿಂಗಳಾದರೂ ಸುದ್ದಿಯಿಲ್ಲ. ಒಂದು ಬೆಳಿಗ್ಗೆ ರೈಲು ಹತ್ತಿ ತಿರುವನಂತಪುರಕ್ಕೆ ಹೋದೆ. ಅಲ್ಲಿ ನನ್ನ ತಂಗಿಯ ಮಗಳಿದ್ದಳು, ಗಂಡ ಕೇಂದ್ರ ಸರಕಾರದ ನೌಕರ. ಅವಳಿಗೆ ಮಲಯಾಳ ಓದಲು ಬರುತ್ತಿತ್ತು. ಆಟೋದಲ್ಲಿ ಕೂತಾಗಲೇ ಶುರು ಮಾಡಿದಳು. "ದೊಡ್ಡಮ್ಮಾ, ಅಲ್ಲಿ ಜೋರು ಮಾತಾಡ್ಬೇಡಿ. ಅದು ಕಟ್ಟೆ ಅಲ್ಲ, ಆಫೀಸು."

"ಮೆಲ್ಲ ಮಾತಾಡಿದ್ರೆ ಕಟ್ಟೆಯಲ್ಲೂ ಕೇಳುದಿಲ್ಲ, ಆಫೀಸಲ್ಲೂ ಕೇಳುದಿಲ್ಲ" ಎಂದೆ.

ಗುಮಾಸ್ತ ಒಳ್ಳೆಯ ಮನುಷ್ಯ. ಫೈಲು ತೆಗೆದು, ನಿಮ್ಮದು ತಿರಸ್ಕಾರವಾಗಿದೆ, ಆಕ್ಷೇಪಣೆ ಬಂದಿತ್ತು ಎಂದ. ಒಂದು ಕಡೆ ನನ್ನ ಅರ್ಜಿ, ಎದುರು ಕಡೆ ಆಕ್ಷೇಪಣೆ. ತಂಗಿಯ ಮಗಳು ಬಗ್ಗಿ ಓದಲು ಹೊರಟಳು. ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ಓದಲು ಬರದಿದ್ದರೆ ಏನು, ಇಪ್ಪತ್ತೆರಡು ವರ್ಷ ಆ ಕೈಯನ್ನು ಬೋಟುಗಳ ಮೇಲೆ ಆಳುದ್ದ ನೋಡಿದ್ದೆ. ಅಕ್ಷರದ ಬಾಲವನ್ನು ಗಾಳದ ಹಾಗೆ ಮೇಲಕ್ಕೆ ಎಳೆಯುವವನು ಅವನೊಬ್ಬನೇ. ಎರಡು ಕಾಗದದಲ್ಲೂ ಅದೇ ಗಾಳ. ಕೆಳಗೆ ರುಜು ಮಾತ್ರ ಬೇರೆ, ಪಕ್ಕದ ಜಾಗ ಕೊಂಡು ಅಲ್ಲಿದ್ದ ಹಳೆ ಮನೆಯನ್ನು ಪ್ರವಾಸಿಗಳಿಗೆ ಲಾಡ್ಜ್ ಮಾಡುತ್ತಿದ್ದವನದು ಎಂದು ಅವಳು ಓದಿ ಹೇಳಿದಳು.

"ಎಂತ ಬರೆದಿದೆ?" ಎಂದು ಕೇಳಿದೆ.

ಅವಳು ಸಣ್ಣ ದನಿಯಲ್ಲಿ ಹೇಳಿದಳು. "ಇಲ್ಲಿ ಮೊದಲು ಬಲೆ ಒಣಗಿಸುತ್ತಿದ್ದರಂತೆ, ಕಟ್ಟೆ ಇರಲಿಲ್ಲವಂತೆ. ಶೆಡ್ಡು ಕಾನೂನು ಬಂದ ಮೇಲೆ ಕಟ್ಟಿದ್ದಂತೆ. ಬಾಗಿಲು ಕೂಡ ಹೊಸದು, ಪೈಂಟಿನ ವಾಸನೆ ಹೋಗಿಲ್ಲ, ಬೇಕಾದರೆ ಬಂದು ನೋಡಿ ಅಂತ ಬರೆದಿದ್ದಾರೆ."

"ನನ್ನ ಅರ್ಜಿಯಲ್ಲಿ ಬೋಟುಗಳ ಹೆಸರು, ಇಸವಿ ಉಂಟಲ್ಲ?"

ಅವಳು ಪುಟ ತಿರುಗಿಸಿ, ಮತ್ತೆ ತಿರುಗಿಸಿ ನೋಡಿದಳು. "ಇಲ್ಲ ದೊಡ್ಡಮ್ಮಾ."

ನಾನು ಜೋರು ಮಾತಾಡಲಿಲ್ಲ. ಅವಳಿಗೆ ಅದೇ ಹೆದರಿಕೆಯಾಯಿತು, ನೀರು ತಂದುಕೊಟ್ಟಳು. ಊಟ ಮಾಡಿ ಹೋಗಿ ಎಂದಳು. ಬೇಡ ಎಂದು ಸಿಕ್ಕಿದ ರೈಲು ಹತ್ತಿ ವಾಪಸು ಬಂದೆ. ದಾರಿಯಿಡೀ ನನಗೆ ಕಟ್ಟೆ ಹೋಯಿತೆಂಬ ಯೋಚನೆ ಬರಲಿಲ್ಲ. ಮೀನಿನ ಸಾರಿನ ಯೋಚನೆ ಬಂತು. ಬಾಗಿಲು ಉಜ್ಜಿದ ದಿನ ಅವನು ಎರಡನೇ ಸಲ ಕೇಳಿ ಹಾಕಿಸಿಕೊಂಡಿದ್ದ.

ಮರುದಿನ ಬೆಳಿಗ್ಗೆ ಬಾಗಿಲು ಕಳಚಿ ಕಟ್ಟೆಯ ಮೇಲೆ ಮಲಗಿಸಿದೆ. ಚಿಪ್ಪು ಹೆರೆಯುವ ಕಬ್ಬಿಣದ ಪಟ್ಟಿ ಹಿಡಿದು ಕೂತೆ. ನೀಲಿ ಸುರುಳಿ ಸುರುಳಿಯಾಗಿ ಎದ್ದಿತು. ಆಗ ಅವನು ಡಬ್ಬ ತೂಗಿಸಿಕೊಂಡು ಬಂದ. ಆ ದಿನ ಒಂದು ಬೋಟಿಗೆ ಹೆಸರು ಬರೆಯುವುದಿತ್ತು.

"ಅಯ್ಯೋ ಚೇಚ್ಚೀ, ಹೊಸ ಪೈಂಟು!"

"ಹೊಸದು ಅಂತ ನೀನು ಬರೆದದ್ದು ನಿನ್ನೆ ನೋಡಿ ಬಂದೆ."

ಡಬ್ಬ ಕೆಳಗಿಟ್ಟ. "ಲಾಡ್ಜಿನವರು ಪ್ರವಾಸಿಗಳಿಗೆ ಹತ್ತು ಬೋಟು ಮಾಡಿಸ್ತಾರೆ. ಬೋರ್ಡು, ಹೆಸರು ಎಲ್ಲ ನನಗೇ ಅಂತ ಹೇಳಿದ್ದಾರೆ. ಇಲ್ಲಿ ಈಗ ಎಷ್ಟು ಬೋಟು ಬರ್ತದೆ, ನೀವೇ ಹೇಳಿ."

"ಅಲ್ಲಿಗೆ ಹೋಗ್ತೇನೆ ಅಂದಿದ್ರೆ ಹೋಗು ಅಂತಿದ್ದೆ. ಬಾಗಿಲು ಎಂತಕ್ಕೆ ಉಜ್ಜಿದೆ?"

ಅವನು ಡಬ್ಬ ಎತ್ತಿಕೊಂಡು ಪಕ್ಕದ ಜಾಗದ ಕಡೆಗೇ ಹೋದ. ಹೋಗುವವನಿಗೆ ಸುತ್ತಿ ಹೋಗುವ ಮರ್ಯಾದೆಯೂ ಇರಲಿಲ್ಲ.

ನೀಲಿಯ ಕೆಳಗೆ ಬಿಳಿ ಬಣ್ಣ ಬಂತು. ಬಿಳಿಯ ಕೆಳಗೆ ಬರೀ ಮರ. ಒಂದು ಹೆಸರಿಲ್ಲ, ಒಂದು ಇಸವಿ ಇಲ್ಲ. ನಾನು ಹೇಳಿದ ಹಾಗೆಯೇ ಸರಿಯಾಗಿ ಉಜ್ಜಿದ್ದ. ಎದ್ದು ಒಲೆ ಹಚ್ಚಿ ಡಾಂಬರು ಕಾಯಿಸಿದೆ. ಮೊದಲು ಬಾಗಿಲಿಗೆ ದಪ್ಪಗೆ ಬಳಿದೆ, ಇನ್ನು ಅದರ ಮೇಲೆ ಯಾರೂ ಏನೂ ಬರೆಯದ ಹಾಗೆ. ಉಳಿದದ್ದನ್ನು ಹೆಸರಿಗೆ ಕಾದಿದ್ದ ಬೋಟಿನ ತಳಕ್ಕೆ ಬಳಿದೆ.