ಐವತ್ತೆರಡು ಸುತ್ತು

ಮೋಟಾರ್ ರಿಪೇರಿ ಅಂಗಡಿಯ ಒಡತಿಯನ್ನು ಬೀದಿಯವರೆಲ್ಲ ಸುತ್ತಕ್ಕ ಎನ್ನುತ್ತಿದ್ದರು. ಸುಟ್ಟುಹೋದ ಮೋಟಾರಿನ ಹೊಟ್ಟೆ ಬಗೆದು, ಕಪ್ಪಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೂರಿಸುವುದು ಅವಳ ಕಸುಬು. ಅದನ್ನು ಅವಳಿಗೆ ಯಾರೂ ಹತ್ತಿರ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಅಣ್ಣನಿಗೆ ಬುತ್ತಿ ತರುವ ನೆಪದಲ್ಲಿ ಬಾಗಿಲಲ್ಲಿ ನಿಂತು ನೋಡಿ ನೋಡಿ ಕಲಿತದ್ದು. ಅಣ್ಣನ ಕಣ್ಣು ಮಂಜಾದ ಮೇಲೆ ಅಂಗಡಿ ಅವಳ ಪಾಲಿಗೆ ಬಂತು.

ಹಾಗಾಗಿ ಹೈಸ್ಕೂಲಿನ ಮೇಷ್ಟ್ರು ಬಂದು, "ಆರು ವಾರ ಒಬ್ಬ ಹುಡುಗೀನ ಕಳಿಸ್ತೀವಿ, ಕೆಲಸ ಕಲಿಸ್ತೀರಾ?" ಎಂದಾಗ ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಹುಡುಗಿಯ ಕೈ ಚುರುಕು. ಬಾಯಿ ಅದಕ್ಕಿಂತ ಚುರುಕು. ಯಾರು ಏನು ಕೇಳಿದರೂ ಪಟ್ಟನೆ ಉತ್ತರ.

ಆ ಬಾಯಿಯೇ ಮುಳುವಾಯಿತು. ನಾಲ್ಕನೇ ವಾರ ಅವಳು ಒಬ್ಬಳೇ ಒಂದು ಮೋಟಾರು ಕಟ್ಟಿದಳು. ಒಂದೊಂದು ಕಾಯಿಲಿಗೂ, ಅಂದರೆ ತಂತಿಯ ಸುರುಳಿಗೂ, ಐವತ್ತೆರಡು ಸುತ್ತು, ಬಾಯಲ್ಲಿ ಎಣಿಸುತ್ತ ಕೈಯಲ್ಲಿ ತಿರುಗಿಸಬೇಕು. "ಏಳು, ಎಂಟು" ಎನ್ನುವಾಗ ಗಿರಾಕಿಯೊಬ್ಬ, "ವಯಸ್ಸೆಷ್ಟಮ್ಮಾ?" ಎಂದ. "ಹದಿನಾರು" ಎಂದಳು. ಮುಂದೆ "ಹದಿನೇಳು, ಹದಿನೆಂಟು"! ಎಂಟು ಸುತ್ತು ಗಾಳಿಗೆ ಹೋಯಿತು. ಸ್ವಿಚ್ಚು ಹಾಕಿದಾಗ ಮೋಟಾರು ಗುಂಯ್ ಎಂದು ನರಳಿ, ಮೈ ಕಾದು, ಹೊಗೆ ಬಿಟ್ಟಿತು. ಅದೂ ಮೇಷ್ಟ್ರ ಎದುರಿಗೇ.

"ಇನ್ನೊಂದೇ ಅವಕಾಶ. ಶನಿವಾರದ ಮೋಟಾರು ಓಡದಿದ್ರೆ ಇವಳನ್ನ ಫೈಲು ಜೋಡಿಸೋ ಆಫೀಸಿಗೆ ಹಾಕ್ತೀನಿ," ಎಂದರು ಅವರು. ಹುಡುಗಿಯ ಮುಖ ಸಪ್ಪಗಾಯಿತು. ಸುತ್ತಕ್ಕನಿಗೆ ಬಯ್ಯಲು ಬಾಯಿ ಬರಲಿಲ್ಲ.

"ಎಣಿಸೋವಾಗ ದೇವರೇ ಬಂದು ಮಾತಾಡಿಸಿದ್ರೂ ತುಟಿ ಬಿಚ್ಚಬೇಡ ಕಣೇ," ಎಂದಳು, ಅಷ್ಟೇ.

ಶನಿವಾರ ಬೆಳಿಗ್ಗೆ ಮೇಷ್ಟ್ರು ಬಂದಾಗ ಕೊನೆಯ ಕಾಯಿಲು ನಡೆದಿತ್ತು.

"ಏನಮ್ಮಾ, ಎಲ್ಲಿಗೆ ಬಂತು?" ಉತ್ತರವಿಲ್ಲ. ಮತ್ತೆ ಕೇಳಿದರು. ಹುಡುಗಿ ತಲೆಯನ್ನೂ ಎತ್ತಲಿಲ್ಲ. ಮೇಷ್ಟ್ರ ಮೂಗು ಕೆಂಪಾಯಿತು. "ದೊಡ್ಡವರಿಗೆ ಮರ್ಯಾದೆ ಕೊಡೋದು ಕಲಿಸಿಲ್ವೇನ್ರೀ ಇಲ್ಲಿ?"

"ಸಾರ್, ಸ್ವಲ್ಪ ಸುಮ್ನಿರಿ," ಎಂದುಬಿಟ್ಟಳು ಸುತ್ತಕ್ಕ.

"ಐವತ್ತೆರಡು!" ಹುಡುಗಿ ತಂತಿ ಕತ್ತರಿಸಿ ಎದ್ದು ನಿಂತಳು. "ನಮಸ್ಕಾರ ಸಾರ್. ಇದೇ ಕೊನೇದು. ಎಣಿಸ್ತಿದ್ದೆ, ತಪ್ಪು ತಿಳ್ಕೋಬೇಡಿ."

ಮೇಷ್ಟ್ರು ಚಪ್ಪಲಿ ಮೆಟ್ಟಿ ಹೋದರು. ಸಂಜೆ ಮತ್ತೆ ಬಂದರು. ಹುಡುಗಿ ಮೋಟಾರು ಜೋಡಿಸಿ ಸ್ವಿಚ್ಚು ಹಾಕಿದಳು. ಓಡಿತು. ಅರ್ಧ ಗಂಟೆ ಬಿಟ್ಟರೂ ಓಡುತ್ತಲೇ ಇತ್ತು. ಮೇಷ್ಟ್ರು ಅದರ ಮೈ ಮುಟ್ಟಿ ನೋಡಿದರು, ಬೆಚ್ಚಗಿತ್ತು, ಅಷ್ಟೇ. ಜೇಬಿನಿಂದ ಪೆನ್ನು ತೆಗೆದರು.

"ಹಾಗಾದ್ರೆ ಇವಳಿಗೆ ಕೆಲಸ ಬರುತ್ತೆ ಅಂತ ಬರೀಲಾ?"

ಸುತ್ತಕ್ಕನಿಗೆ ಖುಷಿ ತಡೆಯಲಾಗಲಿಲ್ಲ. ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು: "ಬರೀರಿ ಸಾರ್, ದಪ್ಪ ಅಕ್ಷರದಲ್ಲಿ ಬರೀರಿ! ನಾನು ಕಲಿಯೋವಾಗ ಕಟ್ಟಿದ್ದು ನಾಲ್ಕನೇ ಸಲಕ್ಕೆ ಓಡಿದ್ದು. ನನ್ನ ಹುಡುಗೀದು ಎರಡನೇ ಸಲಕ್ಕೇ ಓಡ್ತು!"