ತವರಿನ ಕುರಿಯ ಹಾಲು

ನನ್ನ ಮೈದುನನಿಗೆ ಕುರಿಯ ತಲೆ ಯಾವ ಕಡೆ, ಬಾಲ ಯಾವ ಕಡೆ ಎಂಬುದು ಗೊತ್ತು. ಅದಕ್ಕಿಂತ ಹೆಚ್ಚೇನೂ ಗೊತ್ತಿಲ್ಲ. ಆದರೂ ಹಾವೇರಿಯಲ್ಲಿ ಯಾವುದೋ ತರಬೇತಿ ಮುಗಿಸಿ, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಮೇಡ್ಲೇರಿಯಲ್ಲಿ ಬಸ್ಸಿಳಿದಾಗ ಅವನ ನಡಿಗೆಯೇ ಬೇರೆಯಾಗಿತ್ತು. ಮರಿ ಬೆಳೆಸಿ ಮಾಂಸಕ್ಕೆ ಮಾರುವುದು ಹಳೇ ಕಾಲದವರ ಕೆಲಸವಂತೆ. ಕುರಿ ಹಾಲಿನ ಚೀಸಿಗೆ ದೊಡ್ಡ ಹೋಟೆಲಿನವರು ಬಾಯಿ ಬಿಟ್ಟುಕೊಂಡು ಕೂತಿದ್ದಾರಂತೆ.

"ವೈನಿ, ಮರಿ ವರ್ಷಕ್ಕೊಮ್ಮೆ ರೊಕ್ಕ ಕೊಡತಾವ. ಹಾಲು ದಿನಾ ಕೊಡತೈತಿ. ಇಷ್ಟೂ ತಿಳಿಯೂದಿಲ್ಲೇನ್ರಿ?"

"ನಮ್ಮ ಕುರಿ ಏನ್ ಎಮ್ಮಿ ಅನ್ಕೊಂಡಿಯೇನೋ? ಮರಿ ಕುಡದು ಉಳದ್ರ ಚಾಕ್ಕ ಸಾಲತೈತಿ. ಅದರ ಬಾಯಾಗಿಂದು ಕಸಗೊಂಡು ಏನ್ ಮಾರತೀ?"

ಪಾಪ, ಏನೂ ಅರಿಯದವಳು ಎಂಬಂತೆ ನಕ್ಕ. ನನ್ನ ಗಂಡ ದೊಡ್ಡ ಹಿಂಡನ್ನು ಹೊಡೆದುಕೊಂಡು ಬ್ಯಾಡಗಿ ಕಡೆ ಹೋಗಿದ್ದರು. ಮೆಣಸಿನಕಾಯಿ ಬಿಡಿಸಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವ ಕಾಲ ಅದು. ಮನೆಯಲ್ಲಿ ಉಳಿದದ್ದು ಮರಿ ಹಾಕಿದ ಕುರಿಗಳು, ನಾನು ಮತ್ತು ಈ ಪಂಡಿತ.

ಆ ಕುರಿಗಳಲ್ಲಿ ಒಂದು ನನ್ನದು. ನಮ್ಮಲ್ಲಿ ಮದುವೆಯಾದ ಮಗಳಿಗೆ ತವರಿನವರು ಒಂದು ಕುರಿ ಕೊಡುತ್ತಾರೆ. ಅದರ ಮರಿಗಳ ದುಡ್ಡಿಗೆ ಗಂಡನೂ ಕೈಹಾಕುವಂತಿಲ್ಲ. ಈ ಸಲ ಅದು ಅವಳಿ ಟಗರುಮರಿ ಹಾಕಿತ್ತು. ಅವನ್ನು ಮಾರಿ ಹಿತ್ತಲಲ್ಲಿ ಚಿಲಕವಿರುವ ಬಾಗಿಲಿನ ಒಂದು ಬಚ್ಚಲು ಕಟ್ಟಿಸಬೇಕೆಂದಿದ್ದೆ. ಈ ಮನೆಗೆ ಬಂದಾಗಿನಿಂದ ಗೂಟಕ್ಕೆ ಹಳೇ ಸೀರೆ ಕಟ್ಟಿ, ಅದರ ಮರೆಯಲ್ಲಿ ಮೈ ತೊಳೆಯುತ್ತಿದ್ದೇನೆ. ಗಾಳಿ ಎದ್ದರೆ ಒಂದು ಕೈ ತಂಬಿಗೆಗೆ, ಒಂದು ಕೈ ಸೀರೆಗೆ.

"ನನ್ನ ಕುರಿ ಮಾತ್ರ ಮುಟ್ಟಬ್ಯಾಡ" ಎಂದೆ.

"ದ್ಯಾವರಾಣಿ ಮುಟ್ಟೂದಿಲ್ರಿ" ಎಂದ.

ನಾನು ಹೊಲಕ್ಕೆ ಹೋದ ಹೊತ್ತಿನಲ್ಲಿ ಮುಟ್ಟುತ್ತಿದ್ದ. ಮರಿಗಳು ಸೊರಗತೊಡಗಿದಾಗ ಜಂತು ಇರಬೇಕೆಂದು ಔಷಧ ಹಾಕಿದೆ. ಕೊನೆಗೊಮ್ಮೆ ಕುರಿಯ ಕೆಳಗೆ ಬಗ್ಗಿ ನೋಡಿದರೆ ಮೊಲೆಗೆಲ್ಲ ಸಗಣಿ! ಮರಿ ಬಾಯಿ ಹಾಕದಿರಲಿ ಎಂದು ಬಳಿದಿದ್ದ. ಥೂ, ಅವನ ತರಬೇತಿಗಿಷ್ಟು ಬೆಂಕಿ ಬೀಳಲಿ! ನಾಲಿಗೆ ಒಣಗುವವರೆಗೆ ಬೈದೆ. ಬೈದರೆ ಮರಿಯ ಮೈಗೆ ಮಾಂಸ ಬರುತ್ತದೆಯೇ?

ಇಷ್ಟೆಲ್ಲ ಮಾಡಿಯೂ ಹಾಲು ಅವನು ತಂದಿಟ್ಟಿದ್ದ ಹೊಳೆಯುವ ಸ್ಟೀಲ್ ಕ್ಯಾನಿನ ತಳವನ್ನಷ್ಟೇ ಮುಚ್ಚುತ್ತಿತ್ತು. ಹಾವೇರಿಯಿಂದ ಹಾಲು ಒಯ್ಯಲು ಬರುತ್ತಿದ್ದವನು ಕ್ಯಾನಿನೊಳಗೆ ಇಣುಕಿ, ಡೀಸೆಲ್ಲಿಗೂ ಸಾಲದೆಂದು ಬರುವುದನ್ನೇ ಬಿಟ್ಟ.

ಮರಿಗಳನ್ನು ರಾಣೆಬೆನ್ನೂರಿನ ಸಂತೆಗೆ ಒಯ್ದೆ. ಅಲ್ಲಿ ವ್ಯಾಪಾರಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ, ಟವೆಲ್ಲಿನಡಿ ಬೆರಳು ಹಿಡಿದು ಹೇಳುತ್ತಾನೆ. ಹೆಂಗಸರ ಬೆರಳು ಹಿಡಿಯುವುದಿಲ್ಲವಾದ್ದರಿಂದ ತವರಿನಿಂದ ಅಣ್ಣನನ್ನು ಕರೆಸಿದ್ದೆ. ಅಣ್ಣ ಕೈ ಚಾಚಿದ. ವ್ಯಾಪಾರಿ ಮರಿಯ ಸೊಂಟ ಹಿಚುಕಿ ನೋಡಿದ. ಟವೆಲ್ಲು ಅವನ ಹೆಗಲಿನಿಂದ ಇಳಿಯಲೇ ಇಲ್ಲ.

"ತೊಗಲು ಎಲುಬು ಬಿಟ್ರ ಇದರಾಗ ಏನೈತ್ರಿ? ಮನಿಗೆ ಹೊಡಕೊಂಡ ಹೋಗ್ರಿ."

ಮೈದುನ ಈಗ ಮೊಲ ಸಾಕುವ ತರಬೇತಿಗೆ ಹೋಗಿದ್ದಾನೆ. ಹೊರಡುವಾಗ, "ವೈನಿ, ಕ್ಯಾನ್ ಜ್ವಾಕಿ ರೀ, ಮುಂದ ಉಪಯೋಗಕ್ಕ ಬರತೈತಿ" ಎಂದ.

ಉಪಯೋಗಕ್ಕೆ ಬಂದಿದೆ. ದಿನಾ ಬೆಳಗ್ಗೆ ಅದರಲ್ಲಿ ಬಿಸಿನೀರು ತುಂಬಿಕೊಂಡು ಹಿತ್ತಲಿಗೆ ಹೋಗಿ, ಗೂಟಕ್ಕೆ ಸೀರೆ ಕಟ್ಟುತ್ತೇನೆ.