ಮೀನು ತಿನ್ನದ ಮನೆಯ ಗಾಳ

ನ್ಯಾಮತಿಯ ಹಾಲೇಶಪ್ಪ ಹುಟ್ಟಿದ್ದು ಮೀನಿನ ವಾಸನೆಯೂ ಸುಳಿಯದ ಮನೆಯಲ್ಲಿ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಮಾತ್ರ ಗಾಳ! ಇಂಥ ಇನ್ನೊಬ್ಬನನ್ನು ನಾನಂತೂ ಕಂಡಿಲ್ಲ.

ಸವಳಂಗದ ದಾರಿಯ ಹಳ್ಳಕ್ಕೆ ಮೂರು ಕಮಾನಿನ ಕಲ್ಲುಸೇತುವೆ ಕಟ್ಟಿದ ಮೇಲೆ ಅವನಿಗೆ ಈ ಹುಚ್ಚು ಹತ್ತಿತು. ಕಮಾನಿನಿಂದ ನುಗ್ಗುವ ನೀರು ಕೆಳಗೆ ಆಳವಾದ ಮಡು ಕೊರೆದಿತ್ತು. ಬೇಸಿಗೆಯಲ್ಲಿ ಹಳ್ಳವೆಲ್ಲ ಕಾದರೂ ಆ ನೆರಳಿನ ನೀರು ತಣ್ಣಗಿರುತ್ತಿತ್ತು, ಮೀನುಗಳೆಲ್ಲ ಅಲ್ಲಿಗೇ ಸೇರುತ್ತಿದ್ದವು. ಹೊಲದ ಕೆಲಸ ಮುಗಿಸಿ ಬಂದು ಗಾಳದ ದಾರಕ್ಕೆ ಕಟ್ಟಿ ನೀರಲ್ಲಿ ತೇಲಿಬಿಟ್ಟ ಬೆಂಡಿನ ಮೇಲೆ ಕಣ್ಣು ನೆಟ್ಟನೆಂದರೆ, ತಲೆಯ ಮೇಲೆ ಗಾಡಿಗಳ ಸಾಲೇ ಹೋದರೂ ಅವನು ತಿರುಗುತ್ತಿರಲಿಲ್ಲ. ಬೆಂಡು ಒಮ್ಮೆ ಅಲುಗಿದರೆ ಸಾಕು, ಜೀವ ಬೆರಳ ತುದಿಗೆ ಬರುತ್ತಿತ್ತು. ಸಿಕ್ಕಿದ್ದನ್ನೆಲ್ಲ ಅಲ್ಲೇ ಬಟ್ಟೆ ಒಗೆಯುವ ಗಾದ್ರಮ್ಮನಿಗೆ ಕೊಟ್ಟು, ಹಳ್ಳದಲ್ಲಿ ಮುಳುಗೆದ್ದು, ಒದ್ದೆ ಪಂಚೆಯಲ್ಲೇ ಮನೆಗೆ ಹೋಗುತ್ತಿದ್ದ.

ಆದರೂ ಹೆಂಡತಿ ಶಂಕರಮ್ಮ ಬಾಗಿಲಲ್ಲಿ ತಡೆದು ಇನ್ನೊಂದು ಕೊಡ ನೀರು ಸುರಿಯುತ್ತಿದ್ದಳು. "ಜನ ಆಡಿಕೊಂಡು ನಗ್ತಾರೆ. ಇದನ್ನ ಯಾವಾಗ ಬಿಡ್ತೀರಿ?" ಎಂದು ಒಂದು ದಿನ ಅತ್ತೇಬಿಟ್ಟಳು. ಹಾಲೇಶಪ್ಪ ಲಿಂಗ ಮುಟ್ಟಿ ಆಣೆ ಇಟ್ಟ: "ಸೇತುವೆ ಕೆಳಗೆ ದೊಡ್ಡ ಬಾಳೆಮೀನು ಐತೆ. ಅದನ್ನ ಹಿಡಿದ ದಿನವೇ ಗಾಳ ಬಿಟ್ಟೆ."

ಆ ಮೀನು ದಾರ ಹರಿದುಕೊಂಡು ಹೋದದ್ದು ಒಂದೆರಡು ಸಲವಲ್ಲ. ಮಹಾಯುದ್ಧ ಶುರುವಾದ ಮರುವರ್ಷ, ಮುಂಗಾರಿನ ಹೊಸ ನೀರಿನಲ್ಲಿ ಕೊನೆಗೂ ಸರಿಯಾಗಿ ಕಚ್ಚಿತು. ಆಣೆಯ ಸುದ್ದಿ ಊರಿಗೇ ಗೊತ್ತಿತ್ತು. ಗಾದ್ರಮ್ಮ ದಡದಿಂದ ಕೂಗಿದಳು: "ಯಜಮಾನ್ರೆ, ಹಿಡಿದ್ರೆ ಅಲ್ಲಿಗೆ ಮುಗೀತು ನೋಡ್ರಿ!"

"ಮುಗೀಲಿ! ಮಾತು ಕೊಟ್ಟೀನಿ ಅಂತ ಹೆದರಿ ದಾರ ಬಿಡಾಕಾಗುತ್ತೇನು?"

ಸೊಂಟದ ಮಟ್ಟದ ನೀರಿಗಿಳಿದು, ದಾರವನ್ನು ಅಂಗೈಗೆ ಸುತ್ತಿಕೊಂಡು ಎಳೆದ. ಕೈ ಕೊಯ್ದು ರಕ್ತ ಬಂದರೂ ಬಿಡಲಿಲ್ಲ. ತೋಳುದ್ದದ ಮೀನು ಮರಳಿನ ಮೇಲೆ ಬಿದ್ದಾಗ ಅವನಿಗೆ ಹಿಗ್ಗೂ ಆಯಿತು, ಅಳುವೂ ಬಂತು. ಮೀನನ್ನು ಗಾದ್ರಮ್ಮನಿಗೆ ಕೊಟ್ಟು, ಮನೆಗೆ ಬಂದು ಗಾಳದ ಬಿದಿರುಕೋಲನ್ನು ಅಟ್ಟಕ್ಕೆಸೆದ.

ಮಾತಿಗೆ ತಪ್ಪುವ ಆಸಾಮಿಯಲ್ಲ ಅವನು. ಸವಳಂಗಕ್ಕೆ ಹೋಗಬೇಕಾದರೂ ಸೇತುವೆ ಕಣ್ಣಿಗೆ ಬೀಳದಂತೆ ಹೊಲಗಳ ಮೇಲೆ ಸುತ್ತಿ ಹೋಗುತ್ತಿದ್ದ. ಆದರೆ ಮನೆಯಲ್ಲಿ ಅವನ ಕಾಟ ತಡೆಯಲಾಗುತ್ತಿರಲಿಲ್ಲ. ಸಾರಿಗೆ ಉಪ್ಪು ಕಡಿಮೆ, ಹಗ್ಗ ಸಡಿಲ, ಎಮ್ಮೆ ನಿಂತದ್ದೂ ಸರಿಯಿಲ್ಲ! ಬರಬರುತ್ತಾ ಆ ಜಗಳವೂ ನಿಂತಿತು. ಅರ್ಧ ರೊಟ್ಟಿ ತಿಂದು ಎದ್ದು, ಗೋಡೆಗೊರಗಿ ಸುಮ್ಮನೆ ಕೂರತೊಡಗಿದ. ಅದನ್ನು ನೋಡಿ ಶಂಕರಮ್ಮನ ಕರುಳು ಚುರಕ್ಕೆಂದಿತು.

ಶ್ರಾವಣ ಕಳೆದ ಮೇಲೆ ಒಂದು ದಿನ ಅವಳೇ ಹಳ್ಳಕ್ಕೆ ಹೋಗಿ ಗಾದ್ರಮ್ಮನ ಜೊತೆ ಬಹಳ ಹೊತ್ತು ಮಾತಾಡಿ ಬಂದಳು. ಊಟಕ್ಕೆ ಬಡಿಸುತ್ತಾ, ಗಂಡನ ಮುಖ ನೋಡದೆ ಹೇಳಿದಳು: "ನೀವು ಹಿಡಿದಿದ್ದು ಮರಿಯಂತೆ ಕಣ್ರೀ. ಅದರ ತಾಯಿ, ನೀವು ಆಣೆ ಇಟ್ಟ ಆ ದೊಡ್ಡದು, ಇನ್ನೂ ಸೇತುವೆ ಕೆಳಗೇ ಐತಂತೆ."

ಹಾಲೇಶಪ್ಪ ಎತ್ತಿದ ತುತ್ತನ್ನು ತಟ್ಟೆಗಿಟ್ಟ. "ಯಾರು ನೋಡಿದ್ದಂತೆ?"

"ನಾನೇ ನೋಡೀನಿ," ಎಂದಳು ಶಂಕರಮ್ಮ.